ಹೆಸರಘಟ್ಟದಿಂದ ತೊರೆಕಾಡನಹಳ್ಳಿಯವರೆಗೆ

ಬೆಂಗಳೂರಿನ ಮೆಜೆಸ್ಟಿಕ್ ಬಸ್ ನಿಲ್ದಾಣ ಇರುವಲ್ಲಿ ಒಂದು ಕಾಲಕ್ಕೆ ಧರ್ಮಾಂಬುಧಿ ಕೆರೆಯಿತ್ತು. ಕಂಠೀರವ ಕ್ರೀಡಾಂಗಣದ ಜಾಗದಲ್ಲಿ ಸಂಪಂಗಿ ಕೆರೆ. ಕೆರೆ ನುಂಗಿದವರ ಪಟ್ಟಿಯಲ್ಲಿ ನಾವು ಬಿಲ್ಡರುಗಳನ್ನೂ ರಾಜಕಾರಣಿಗಳನ್ನೂ ಬರೆಯುತ್ತೇವೆ. ಆ ಪಟ್ಟಿಯ ಮೊದಲ ಹೆಸರು ನಲ್ಲಿ ಎಂದು ನನಗನ್ನಿಸುತ್ತದೆ. ಮನೆಯ ಹತ್ತಿರಕ್ಕೇ ನಲ್ಲಿ ಬಂದ ಮೇಲೆ ಕೆರೆಯ ಹೂಳಿನ ಚಿಂತೆ ಯಾರಿಗೆ?

ದಿವಾನ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1896ರ ಹೊತ್ತಿಗೆ, ಅರ್ಕಾವತಿ ನದಿಯ ಹೆಸರಘಟ್ಟದಿಂದ ಊರಿಗೆ ನೀರು ಬಂತು. ಸೋಲದೇವನಹಳ್ಳಿಯಲ್ಲಿ ಉಗಿಯಂತ್ರಗಳು ಅದನ್ನು ಮೇಲಕ್ಕೆತ್ತುತ್ತಿದ್ದವು. ಅಂದಿನ ಮಟ್ಟಿಗೆ ಅದೊಂದು ದೊಡ್ಡ ಸಾಧನೆಯೇ. ಆದರೆ ಮೂವತ್ತು ವರ್ಷ ತುಂಬುವ ಮೊದಲೇ, 1925ರಲ್ಲಿ, ಹೆಸರಘಟ್ಟ ಬತ್ತಿತು. ಉತ್ತರವಾಗಿ ಇನ್ನಷ್ಟು ದೂರ ಹೋಗಿ 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ ಕಟ್ಟಿದರು. ಅದೂ ಸಾಲದಾದಾಗ ಕಾವೇರಿ. ಮೊದಲ ಹಂತ 1974ರಲ್ಲಿ, ಐದನೆಯದು 2024ರಲ್ಲಿ.

ಈ ಇತಿಹಾಸದಲ್ಲಿ ಒಂದೇ ಕಥೆ ಮತ್ತೆ ಮತ್ತೆ ಬರುತ್ತದೆ: ನೀರು ಸಾಲದು, ಹೊಸ ಮೂಲ ಹುಡುಕು. ಇಂದು ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಪಂಪಾಗಿ, ಸುಮಾರು ನೂರು ಕಿಲೋಮೀಟರ್ ದೂರ, ಹತ್ತಿರಹತ್ತಿರ ಐನೂರು ಮೀಟರ್ ಎತ್ತರ ಏರಿ ಬರುತ್ತದೆ. ಜಲಮಂಡಳಿಯ ಖರ್ಚಿನ ದೊಡ್ಡ ಪಾಲು ವಿದ್ಯುತ್ ಬಿಲ್ಲಿಗೇ ಹೋಗುತ್ತದೆ. ಇಷ್ಟು ಕಷ್ಟಪಟ್ಟು ತಂದ ನೀರಿನಲ್ಲಿ ಕಾಲುಭಾಗಕ್ಕೂ ಹೆಚ್ಚು ಸೋರಿಕೆ, ಕಳವು, ಕೆಟ್ಟ ಮೀಟರುಗಳ ನಡುವೆ ಲೆಕ್ಕಕ್ಕೇ ಸಿಗುವುದಿಲ್ಲ.

ಹಳೆಯ ಕೊಳವೆಯಿಂದಾಗುವ ನಷ್ಟ ನೀರಿನದಷ್ಟೇ ಅಲ್ಲ. ನೀರು ದಿನ ಬಿಟ್ಟು ದಿನ ಬರುವ ಬೀದಿಗಳಲ್ಲಿ ಕೊಳವೆ ಖಾಲಿಯಾದಾಗ ಒಳಗಿನ ಒತ್ತಡ ಕುಸಿಯುತ್ತದೆ. ಆಗ ಪಕ್ಕದ ಒಳಚರಂಡಿಯ ಹೊಲಸು ಬಿರುಕಿನ ಮೂಲಕ ಒಳಕ್ಕೆ ಬರುತ್ತದೆ. ಮರುದಿನ ಮೊದಲ ಬಿಂದಿಗೆ ಹಿಡಿಯುವವರಿಗೆ ಸಿಗುವುದು ಆ ನೀರು. ಸಂಪು, ಫಿಲ್ಟರ್ ಇರುವ ಮನೆಗಳು ಹೇಗೋ ಪಾರಾಗುತ್ತವೆ. ಬೀದಿ ನಲ್ಲಿ ನಂಬಿದವರು ಆಸ್ಪತ್ರೆ ಸೇರುತ್ತಾರೆ.

ಹಾಗಿದ್ದರೂ ಕೊಳವೆ ಬದಲಿಸುವುದು ಏಕೆ ಹಿಂದೆ ಬೀಳುತ್ತದೆ? ನನಗೆ ಕಾಣುವ ಕಾರಣ ಸರಳ. ಅಣೆಕಟ್ಟಿಗೆ, ಪಂಪ್‌ಹೌಸಿಗೆ ಶಂಕುಸ್ಥಾಪನೆಯುಂಟು, ವಿದೇಶಿ ಸಾಲವುಂಟು. ನೆಲದಡಿಯ ಕೊಳವೆಗೆ ಅಮೃತಶಿಲೆಯ ಫಲಕ ಹಾಕುವುದೆಲ್ಲಿ? ರಸ್ತೆ ಅಗೆದರೆ ಬೈಗುಳವಷ್ಟೇ ಗಿಟ್ಟುತ್ತದೆ. 1964ರಲ್ಲಿ ಹುಟ್ಟಿದ ಜಲಮಂಡಳಿ ನಗರಸಭೆಯ ಅಡಿಯಲ್ಲಿಲ್ಲ, ರಾಜ್ಯ ಸರ್ಕಾರದ ಕೈಯಲ್ಲಿದೆ; ವಾರ್ಡಿನ ಪ್ರತಿನಿಧಿಗೆ ಅದು ಉತ್ತರ ಕೊಡಬೇಕಿಲ್ಲ. 2014ರಲ್ಲಿ ಏರಿದ ನೀರಿನ ದರ ಮತ್ತೆ ಏರಿದ್ದು 2025ರಲ್ಲಿ. ಹನ್ನೊಂದು ವರ್ಷ ದರ ನಿಂತಲ್ಲೇ ನಿಂತರೆ ಮೊದಲು ಕತ್ತರಿ ಬೀಳುವುದು ದುರಸ್ತಿಗೆ.

ಸುಧಾರಣೆಯೆಂದರೆ ಖಾಸಗಿಯವರ ಕೈಗೆ ಒಪ್ಪಿಸುವುದೆಂದು ಹಲವರ ಭಯ. ಅದಕ್ಕಿಂತ ಮೊದಲು ಆಗಬೇಕಾದವು ಬೇರೆ ಇವೆ. ಪ್ರತಿ ವಾರ್ಡಿಗೆ ಎಷ್ಟು ನೀರು ಹೋಯಿತು, ಎಷ್ಟು ಸೋರಿತು ಎಂಬ ಲೆಕ್ಕ ಜನರ ಕಣ್ಣಿಗೆ ಬೀಳಬೇಕು. ಬಡವರಿಗೆ ರಿಯಾಯಿತಿ ಉಳಿಸಿಕೊಂಡೇ ದರವನ್ನು ಕಾಲಕಾಲಕ್ಕೆ ಪರಿಷ್ಕರಿಸಬೇಕು. ದುರಸ್ತಿಯ ಹಣ ಬೇರೆ ಕಡೆ ಹರಿಯದಂತೆ ಕಟ್ಟಿಡಬೇಕು.

ಹೆಸರಘಟ್ಟ ಬತ್ತಿದಾಗ ತಿಪ್ಪಗೊಂಡನಹಳ್ಳಿಯಿತ್ತು, ಅದು ಸಾಲದಾದಾಗ ಕಾವೇರಿಯಿತ್ತು. ಕಾವೇರಿಯ ನೀರಿಗೆ ಮಂಡ್ಯದ ರೈತರೂ ತಮಿಳುನಾಡೂ ಕಾದಿರುವಾಗ ಆರನೆಯ ಹಂತವನ್ನು ಎಲ್ಲಿಂದ ತರುವುದು? ಇನ್ನು ಉಳಿದಿರುವ ಹೊಸ ಮೂಲ ನಮ್ಮ ರಸ್ತೆಗಳ ಅಡಿಯಲ್ಲೇ ಸೋರುತ್ತಿದೆ.