ನೆರಳು ಕುಡಿಯೋ ಊರು

ವೆನಿಸ್ಸಿಗೆ ಹೋಗಿ ಬಂದವ್ರು ಎರಡು ಮಾತು ತಪ್ಪದ ಹೇಳ್ತಾರ. ಊರು ಭಾಳ ಛಂದ ಅದ, ಊಟ ಮಾತ್ರ ತುಟ್ಟಿ, ರುಚಿನೂ ಇಲ್ಲ. ಮೊದಲನೇ ದಿವಸ ನಾನೂ ಹಂಗ ಅಂದಾಕಿನ. ನಮ್ಮ ಮಗನ ಮನಿ ಮೆಸ್ತ್ರೆ ಅನ್ನೋ ಊರಾಗ ಅದ. ವೆನಿಸ್ ನೀರಿನ ಮ್ಯಾಲೆ, ಮೆಸ್ತ್ರೆ ಅದರ ಎದುರಿನ ದಂಡಿ ಮ್ಯಾಲೆ. ನಾವು ಹೋದಾಗ ಮೊದಲ ಎರಡು ರಾತ್ರಿ ನೀರಿನ ಊರಾಗ ಇರ್ರಿ ಅಂತ ಅವನ ಒಂದು ಬಾಡಿಗಿ ಮನಿ ಹಿಡದಿದ್ದ. ಅವತ್ತ ಸಂಜೀಕ ದೊಡ್ಡ ಚೌಕದ ಹತ್ತರ, ಐದು ಭಾಷಾದಾಗ ಫೋಟೋ ಸಮೇತ ಮೆನು ಹಾಕಿದ್ದ ಒಂದು ಹೋಟೆಲಿನ್ಯಾಗ ಕೂತ್ವಿ. ತಣ್ಣಗಾದ ಪಾಸ್ತಾ ಬಂತು. ಬಿಲ್ಲಿನ್ಯಾಗ ತಲಿಗಿಷ್ಟು ಅಂತ ಕೂತದ್ದಕ್ಕೂ ರೊಕ್ಕಾ ಹಾಕಿದ್ರು. ಅದಕ್ಕ ಅಲ್ಲಿ ಕೊಪೆರ್ತೊ ಅಂತಾರಂತ. "ಕೂತದ್ದಕ್ಕ ರೊಕ್ಕಾ?" ಅಂತ ನಮ್ಮನಿಯವ್ರು ಮನಿ ಮುಟ್ಟೋತನಕಾ ಕೇಳ್ಕೋತನ ಬಂದ್ರು.

ಮೆಸ್ತ್ರೆಗೆ ಹೋದ ಮ್ಯಾಲೆ, ಮಗನ ಕೆಳಗಿನ ಮನಿ ಅಜ್ಜಿ ಮುಂದ ಈ ಕತಿ ಹೇಳಿದ್ವಿ. ಆಕಿ ಹುಟ್ಟಿ ಬೆಳದದ್ದು ವೆನಿಸ್ಸಿನ್ಯಾಗ. ಹೊಟ್ಟಿ ಹಿಡಕೊಂಡು ನಕ್ಕಳು. "ಹಸಿವಾದ್ರ ಚೌಕಕ್ಕ ಯಾಕ ಹೋದ್ರಿ? ಭಾರಾ ಹೊರೋರು ಎಲ್ಲಿ ನಿಂತು ತಿಂತಿದ್ರೋ ಅಲ್ಲಿ ಹೋಗ್ಬೇಕು. ನಾಳೆ ಬರ್ರಿ, ನೆರಳು ಕುಡಿಯೂಣ" ಅಂದ್ಲು. ಮಗ ಕನ್ನಡಕ್ಕ ತಿರುಗಿಸಿ ಹೇಳಿದಾಗ ಅವನ ಏನೋ ತಪ್ಪು ಹೇಳ್ಯಾನ ಅನಕೊಂಡೆ.

ತಪ್ಪಲ್ಲ. ಒಂಬ್ರಾ ಅಂದ್ರ ನೆರಳು. ವೆನಿಸ್ಸಿನವ್ರ ಬಾಯಾಗ ಒಂಬ್ರಾ ಅಂದ್ರ ಒಂದು ಸಣ್ಣ ಗ್ಲಾಸು ವೈನು, ಸುಮಾರು 100 ಮಿಲಿಲೀಟರ್. ಹಿಂದಕ ಸಾನ್ ಮಾರ್ಕೊ ಚೌಕದಾಗ ವೈನ್ ಮಾರೋರು ಬಿಸಲಿಗೆ ಅದು ಕೆಡಬಾರದು ಅಂತ, ಗಂಟಿ ಗೋಪುರದ ನೆರಳು ಸರಧಂಗ ತಮ್ಮ ಗಾಡಿನೂ ಸರಸ್ತಿದ್ರಂತ. ಅದಕ್ಕ ಆ ಹೆಸರು ಅಂತ ಕತಿ ಹೇಳ್ತಾರ. ಆ ಗೋಪುರ 1902ರ ಜುಲೈ 14ಕ್ಕ ಕುಸದು ಬಿತ್ತು. 1912ರಾಗ ಮದಲಿನಂಗ ಕಟ್ಟಿ ನಿಲ್ಲಿಸಿದ್ರು. ನಡುವಿನ ಹತ್ತು ವರ್ಷ ಗೋಪುರ ಇರಲಿಲ್ಲ, ನೆರಳು ಕುಡಿಯೋದು ನಿಂತಿರಲಿಲ್ಲ.

ಈ ನೆರಳು ಸಿಗೋ ಸಣ್ಣ ಅಂಗಡಿಗೆ ಬಾಕರೊ ಅಂತಾರ. ಒಂದು ಕಟ್ಟಿ, ಅದರ ಮ್ಯಾಲೆ ಗಾಜಿನ ಪೆಟ್ಟಿಗಿ, ಪೆಟ್ಟಿಗ್ಯಾಗ ಚಿಕೆತ್ತಿ ಅನ್ನೋ ಸಣ್ಣ ಸಣ್ಣ ತಿನಿಸು. ಬಟ್ಟಲೆ ತೋರಸೂದು, ನಿಂತು ತಿನ್ನೂದು, ರೊಕ್ಕಾ ಕೊಟ್ಟು ಮುಂದಿನ ಬಾಕರೊಕ್ಕ ಹೋಗೂದು. ಬಾಕರೊ ಅನ್ನೋ ಹೆಸರು ಭಾಳ ಹಳೇದಲ್ಲ. ವೆನಿಸ್ 1866ರಾಗ ಇಟಲಿ ರಾಜ್ಯಕ್ಕ ಸೇರಿದ ಮ್ಯಾಲೆ ದಕ್ಷಿಣದ ಪುಲಿಯಾ ಕಡೆ ಅಗ್ಗದ ವೈನು ಬರಲಿಕ್ಕೆ ಹತ್ತಿತು, ಆ ಕಾಲಕ್ಕ ಬಳಕಿಗೆ ಬಂದ ಹೆಸರು. ಆದ್ರ ನಿಂತು ಕುಡಿಯೋ ರೂಢಿ ಅದಕ್ಕಿಂತ ಎಷ್ಟೋ ಹಳೇದು.

ಅಜ್ಜಿ ನಮಗ ಗೋಡಿ ಓದಲಿಕ್ಕೆ ಕಲಿಸಿದ್ಲು. ವೆನಿಸ್ಸಿನ ಓಣಿ ಹೆಸರು ಫಲಕದ ಮ್ಯಾಲೆ ಇರೂದಿಲ್ಲ, ಗೋಡಿ ಮ್ಯಾಲೆನ ಬಿಳಿ ಸುಣ್ಣಾ ಬಳದು ಕರೀ ಅಕ್ಷರದಾಗ ಬರೀತಾರ. ಅದಕ್ಕ ಸಣ್ಣ ದುಪ್ಪಡಿ ಅನ್ನೋ ಅರ್ಥದ ಹೆಸರು ಅದ. ಅದರಾಗ ಮಲ್ವಸೀಯಾ ಅಂತಿದ್ರ, ಹಿಂದಕ ಅಲ್ಲಿ ಗ್ರೀಸ್ ಕಡೆಯಿಂದ ಹಡಗಿನ್ಯಾಗ ಬರ್ತಿದ್ದ ತುಟ್ಟಿ ವೈನ್ ಮಾರ್ತಿದ್ರು. ಮಗಜೇನ್ ಅಂತಿದ್ರ, ಅದು ಬಡವರ ವೈನಂಗಡಿ. ಅಲ್ಲಿ ಭಾಂಡಿ, ಅರಿಬಿ ಒತ್ತಿ ಇಟ್ಟು ಸಾಲಾ ತರ್ತಿದ್ರು. ಸಾಲದಾಗ ಸ್ವಲ್ಪ ಭಾಗ ರೊಕ್ಕದ ಬದಲಿ ವೈನಾಗೇ ಕೊಡ್ತಿದ್ರು! ಫುರಾತೊಲಾ ಅಂತಿದ್ರ, ಕರದ ಮೀನು, ಸಾರು ಮಾರೋ ಗೂಡು. ಅವರು ತಿನ್ನಲಿಕ್ಕೆ ಕೊಡಬಹುದಿತ್ತು, ವೈನ್ ಮಾರಬಾರದಿತ್ತು. ಯಾರು ಏನು ಮಾರಬೇಕು ಅನ್ನೂದಕ್ಕ ಸರಕಾರದ ಕಟ್ಟುನಿಟ್ಟು ಅಷ್ಟಿತ್ತು. ಬಡವ ಒಂದು ಕಡೆ ತಿಂದು ಇನ್ನೊಂದು ಕಡೆ ಕುಡೀಬೇಕಾಗ್ತಿತ್ತು. ಅಂಗಡಿಯಿಂದ ಅಂಗಡಿಗೆ ತಿರಗೋ ರೂಢಿಗೆ ಇದೂ ಒಂದು ಬೇರು ಇರಬೇಕು ಅಂತ ನನಗನಸ್ತದ.

ಹೊಟ್ಟಿ ತುಂಬೋ ಜಾಗಾ ಹುಡುಕಬೇಕಾದ್ರ ಕೆಲಸದ ಜಾಗಾ ಹುಡುಕ್ರಿ ಅಂದ್ಲು ಅಜ್ಜಿ. ಮೊದಲನೇದು ರಿಯಾಲ್ಟೋ. 1097ರಿಂದ ಅಲ್ಲಿ ಸಂತಿ ನಡದದ. ಮೀನಿನವ್ರು, ಕಾಯಿಪಲ್ಯಾದವ್ರು, ಹಮಾಲರು ನಸಕಿನ್ಯಾಗ ಎದ್ದು ಬಂದವ್ರು. ಅವರಿಗೆ ಎಂಟೂವರಿಗೇ ಮಧ್ಯಾಹ್ನದ ಹಸಿವು. ಅದಕ್ಕ ಅಲ್ಲಿನ ಹಳೇ ಬಾಕರೊಗಳು ಮುಂಜಾನೆ ಬಾಗಲಾ ತಗದು, ರಾತ್ರಿ ಊಟದ ಹೊತ್ತಿಗೆ ಹಾಕ್ತಾವ. ಕಾಂತೀನಾ ದೊ ಮೋರಿ ಅನ್ನೋದು 1462ರಿಂದ ಅದ ಅಂತ ಹೇಳ್ಕೋತಾರ. ಒಳಗ ಕುರ್ಚಿ ಇಲ್ಲ, ಮಾಳಿಗಿಗೆ ತಾಮ್ರದ ಕೊಡಾ ತೂಗು ಹಾಕ್ಯಾರ. ಎರಡನೇದು, ಹಡಗಾ ಕಟ್ಟೋ ಅರ್ಸೆನಾಲೆ ಸುತ್ತಿನ ಕಾಸ್ತೆಲ್ಲೊ. ಅಲ್ಲಿ ಬಡಿಗ್ಯಾರಿಗೆ ಕೆಲಸದ ಹೊತ್ತಿನ್ಯಾಗ ನೀರು ಬೆರಸಿದ ವೈನು ಸರಕಾರದ್ದ ಇರ್ತಿತ್ತು. ಮೂರನೇದು ಸಾನ್ ತ್ರೊವಾಸೊ ಕಾಲುವಿ. ಗೊಂಡೋಲಾ ರಿಪೇರಿ ಮಾಡೋ ಜಾಗದ ಎದುರಿಗೇ ಬಾಕರೊ ಅದ.

ರಿಯಾಲ್ಟೋದಾಗ ಮಸಾಲಿ ವ್ಯಾಪಾರಿಗಳ ಹೆಸರಿನ ಬೀದಿನೂ ಅದ. ಮಲಬಾರದ ಕರಿ ಮೆಣಸು ಅಲೆಕ್ಸಾಂಡ್ರಿಯಾ ದಾಟಿ ಬಂದು ಇಳೀತಿದ್ದದ್ದು ಇಲ್ಲೇ. ನಾರಂಜೆರೀಯಾ ಅಂದ್ರ ಕಿತ್ತಳಿ ಮಾರೋ ಜಾಗಾ. ನಾರಂಗಿ ಅನ್ನೋ ನಮ್ಮ ಕಡೆ ಮಾತು ಅಲ್ಲಿ ಗೋಡಿ ಮ್ಯಾಲೆ ಕೂತದ. 1420ರ ಸುಮಾರಿಗೆ ವಿಜಯನಗರ ನೋಡಿ ಬರಸಿದ ನಿಕೊಲೊ ಕೊಂತಿ ವೆನಿಸ್ಸಿನ ವ್ಯಾಪಾರಿ. ರಕ್ಕಸತಂಗಡಿ ಯುದ್ಧ ಆಗಿ ಎರಡು ವರ್ಷಕ್ಕ, 1567ರಾಗ, ಹಾಳು ಹಂಪಿಗೆ ಬಂದು ಏಳು ತಿಂಗಳು ಇದ್ದ ಚೇಸರೆ ಫೆದೆರೀಚಿನೂ ವೆನಿಸ್ಸಿನಿಂದ ಹೊಂಟವ.

ಇನ್ನ ತಿನಿಸಿನ ಕತಿ. ಪೆಟ್ಟಿಗ್ಯಾಗ ಎದ್ದು ಕಾಣೂದು ಬಕಾಲಾ, ಒಣಮೀನಿನ ಬೆಳ್ಳನ ಮುದ್ದಿ. ಈ ಮೀನು ವೆನಿಸ್ಸಿನ ಸಮುದ್ರದ್ದಲ್ಲ. 1431ರಾಗ ಪಿಯೆತ್ರೊ ಕ್ವೆರೀನಿ ಅನ್ನೋ ವೆನಿಸ್ಸಿನ ದೊಡ್ಡ ಮನತನದವ 68 ಮಂದೀನ್ನ ಕರಕೊಂಡು, ಕ್ರೀಟಿನಿಂದ ಮಲ್ವಸೀಯಾ ವೈನ್ ತುಂಬಿಕೊಂಡು ಫ್ಲಾಂಡರ್ಸಿಗೆ ಹೊಂಟಿದ್ದ. ಬಿರುಗಾಳಿಗೆ ಹಡಗಾ ಮುರದು, ಉಳದ 11 ಮಂದಿ ನಾರ್ವೆಯ ರೋಸ್ಟ್ ದ್ವೀಪದವ್ರ ಕೈಯಾಗ ಸಿಕ್ರು. ಆ ಮೀನಗಾರರು ಇವರನ್ನ ತಿಂಗಳಗಟ್ಟಲೆ ಮನ್ಯಾಗ ಇಟಗೊಂಡು ಉಣಿಸಿದ್ರು. ಥಂಡಿ ಗಾಳಿಗೆ ಕಟಗಿಯಂಗ ಒಣಗಿದ ಮೀನು ವರ್ಷಗಟ್ಟಲೆ ಕೆಡೂದಿಲ್ಲ ಅನ್ನೂದನ್ನ ಕ್ವೆರೀನಿ ಅಲ್ಲಿ ನೋಡಿದ. 1432ರಾಗ ಊರು ಮುಟ್ಟಿ ಎಲ್ಲಾ ಬರದಿಟ್ಟ. ನಾನಂತೂ ತಿನ್ನಲಿಲ್ಲ, ಆದ್ರ ಅಜ್ಜಿ ಮಾಡೂದನ್ನ ನೋಡಿದೆ. ಎಣ್ಣಿ ಹನಿ ಹನಿ ಬಿಟಗೋತ ಕಟಗಿ ಸೌಟಿಲೆ ತಿರವಿದ್ದೂ ತಿರವಿದ್ದ, ರಟ್ಟಿ ಬೀಳೋತನಕಾ.

ನಮ್ಮಂಥ ಶಾಖಾಹಾರಿಗಳಿಗೆ ಏನದ ಅಂತೀರೇನು? ಗೋವಿನಜೋಳದ ಸಂಗಟಿ ಅದ! ಪೊಲೆಂತಾ ಅಂತ ಹೆಸರು. ಆರಿಸಿ, ಹೆಚ್ಚಿ, ಕೆಂಡದ ಮ್ಯಾಲೆ ಸುಡ್ತಾರ. ಗೋವಿನಜೋಳ ಅಮೆರಿಕಾದಿಂದ 16ನೇ ಶತಮಾನದಾಗ ಬಂದು ವೆನಿಸ್ಸಿನ ಸುತ್ತಲಿನ ಬಡವರ ಅನ್ನ ಆತು. ಬರೇ ಅದನ್ನ ತಿಂದು ಸಾವಿರಗಟ್ಟಲೆ ಮಂದಿ ಪೆಲ್ಲಾಗ್ರಾ ಅನ್ನೋ ಚರ್ಮದ, ಬುದ್ಧಿ ಕೆಡಸೋ ಬ್ಯಾನಿಗೆ ಬಿದ್ದದ್ದೂ ಖರೆ. ಅದಲ್ಲದ ಸಾಂತ್ ಎರಾಸ್ಮೊ ದ್ವೀಪದ ಕಡೆ ಬೆಳಿಯೋ ಆರ್ಟಿಚೋಕ್ ಅನ್ನೋ ಮೊಗ್ಗಿನ ತಳ ಬೇಯಿಸಿ, ಬಳ್ಳೊಳ್ಳಿ, ಎಣ್ಣಿ ಹಾಕಿ ಕೊಡ್ತಾರ. ಕರದದ್ದು ಕಂಡ್ರ ಮಾತ್ರ ಕೇಳಿ ತಿನ್ರಿ, ಒಳಗ ಸಣ್ಣ ಮೀನು ಇರಬಹುದು. "ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಶೆ" ಅಂದ್ರ ಮಾಂಸಾನೂ ಬ್ಯಾಡ, ಮೀನೂ ಬ್ಯಾಡ ಅಂತ. ನಮ್ಮನಿಯವ್ರು ಕೆಂಪನ ಸ್ಪ್ರಿಟ್ಸ್ ಗ್ಲಾಸು ನೋಡಿ ಶರಬತ್ತು ಅನಕೊಂಡಿದ್ರು. ಆಸ್ಟ್ರಿಯಾದವ್ರು ಆಳಿದಾಗ ಅವರ ಸಿಪಾಯಿಗಳಿಗೆ ಇಲ್ಲಿ ವೈನು ಖಡಕ್ ಆಗಿ ನೀರು ಚಿಮುಕಿಸಿಕೊಂಡ್ರಂತ, ಅದರಿಂದ ಬಂದ ಹೆಸರಂತ ಸ್ಪ್ರಿಟ್ಸ್. ಬಣ್ಣ ಬಂದದ್ದು ಆಮ್ಯಾಲೆ, 1919ರಾಗ ಪಾದೊವಾದಾಗ ಅಪೆರೋಲ್, 1920ರಾಗ ವೆನಿಸ್ಸಿನ್ಯಾಗ ಸೆಲೆಕ್ಟ್ ಹುಟ್ಟಿದ ಮ್ಯಾಲೆ. ಶರಬತ್ತು ಅಲ್ಲ ಅಂತ ತಿಳಿಯೋದ್ರಾಗ ಅರ್ಧಾ ಗ್ಲಾಸು ಖಾಲಿ ಆಗಿತ್ತು. ನಾ ಏನೂ ಅನಲಿಲ್ಲ.

ವಾಪಸ್ ಬರೋ ಮುಂದ ಅಜ್ಜಿ, "ಮೊದಲ ಎರಡು ರಾತ್ರಿ ಎಲ್ಲಿದ್ರಿ?" ಅಂತ ಕೇಳಿದ್ಲು. ಕಾಸ್ತೆಲ್ಲೊದಾಗ ಅಂತ ಓಣಿ ಹೆಸರು ಹೇಳಿದ್ವಿ. ಸ್ವಲ್ಪ ಹೊತ್ತು ಸುಮ್ಮ ಆದ್ಲು. ಆ ಮನಿ ಎರಡನೇ ಅಂತಸ್ತಿನ್ಯಾಗ ಆಕಿ ಗೆಳತಿ ಇದ್ದಳಂತ. ಬಾಡಿಗಿ ಏರಿ, ಆಕಿನೂ ಈಕಿ ಹಂಗ ಮೆಸ್ತ್ರೆಗೆ ಬಂದ್ಲು. ನಾವು ಮಲಗಿದ್ದು ಅದ ಎರಡನೇ ಅಂತಸ್ತು.

1951ರಾಗ ನೀರಿನ ಊರಾಗ ಸುಮಾರು 1,75,000 ಮಂದಿ ಇದ್ರು. 2022ರಾಗ 50,000ಕ್ಕಿಂತ ಕಡಿಮಿ ಆದ್ರು. ರಿಯಾಲ್ಟೋ ಹತ್ತರ ಒಂದು ಔಷಧ ಅಂಗಡಿ ಕಿಟಕ್ಯಾಗ ಉಳದವ್ರ ಲೆಕ್ಕಾ ಹಾಕಿಟ್ಟಾರ. ದಿನದ ಮಟ್ಟಿಗೆ ಬರೋ ಪ್ರವಾಸಿಗಳಿಂದ ಗದ್ದಲದ ದಿವಸ 5 ಯೂರೋ ವಸೂಲಿ ಮಾಡೂದು 2024ರ ಏಪ್ರಿಲ್ 25ಕ್ಕ ಸುರು ಆತು. ಮಂದಿ ಇಲ್ಲದ ಊರಾಗ ಸಂತಿಗೆ ಯಾರು ಬರ್ತಾರ? ಸಂತಿ ಇಲ್ಲದ ಬಾಕರೊಕ್ಕ ಯಾರು ಬರ್ತಾರ? ನಮ್ಮಂಥವ್ರ ಬರ್ತೀವಿ, ಫೋಟೋ ತಗೀತೀವಿ. ಮಗಗ ಹೇಳೇನಿ, ಮುಂದಿನ ಸಲ ನಾವು ಮೆಸ್ತ್ರೆದಾಗ ಇರ್ತೀವಿ, ಬಸ್ಸಿನ್ಯಾಗ ಹೋಗಿ ಬರ್ತೀವಿ. ಅಷ್ಟರಿಂದ ಆ ಊರು ಉಳೀತದ ಅಂತಲ್ಲ.

ಅಜ್ಜಿ ಈಗೂ ವಾರಕ್ಕೊಮ್ಮೆ ಬಸ್ ಹಿಡದು, ತನ್ನ ಅಪ್ಪ ನಿಲ್ತಿದ್ದ ಬಾಕರೊಕ್ಕ ಹೋಗ್ತಾಳ. ಗೆಳತಿನೂ ಬರ್ತಾಳ. ಕಡೀ ದಿವಸ ನಮ್ಮನ್ನೂ ಕರಕೊಂಡು ಹೋದ್ಲು. ನಾನು ಪರ್ಸ್ ತಗದ್ರ ಕೈ ಹಿಡದು, "ಇವತ್ತ ನಂದು, ಮುಂದಿನ ಸಲ ನಿಮ್ಮದು" ಅಂದ್ಲು. ಒಂಬ್ರಾದ ಲೆಕ್ಕಾನ ಹಂಗಂತ, ಒಂದು ಸರತಿ ಅವರು, ಒಂದು ಸರತಿ ನಾವು. ನಮ್ಮ ಸರತಿ ಇನ್ನೂ ಬಾಕಿ ಅದ.