ಕಲಿಯದೆ ಕಲಿಯಾದವರು

ಮೊನ್ನೆ ಒಂದು ರವಿವಾರ ನಮ್ಮ ಕಾಲೇಜಿನ ಕೆಲವು ವಿದ್ಯಾರ್ಥಿಗಳನ್ನು ಕರೆದುಕೊಂಡು ತೊರವಿಗೆ ಹೋಗಿದ್ದೆನು. ವಿಜಯಪುರದ ಪಶ್ಚಿಮಕ್ಕೆ ಐದಾರು ಕಿಲೋಮೀಟರಿನಲ್ಲಿರುವ ಈ ಊರು ಕನ್ನಡ ಓದಿದವರಿಗೆ ಅಪರಿಚಿತವಲ್ಲ. ಇಲ್ಲಿಯ ನರಸಿಂಹನನ್ನು ಅಂಕಿತವಾಗಿಟ್ಟುಕೊಂಡು ನರಹರಿಯೆಂಬ ಕವಿಯು, ಕುಮಾರ ವಾಲ್ಮೀಕಿಯೆಂಬ ಹೆಸರಿನಿಂದ, ಭಾಮಿನಿ ಷಟ್ಪದಿಯಲ್ಲಿ ರಾಮಕಥೆಯನ್ನು ಹಾಡಿದನು; ಅದೇ ತೊರವೆ ರಾಮಾಯಣ. ಊರಿನ ಬಳಿಯಲ್ಲಿಯೇ ಎರಡನೆಯ ಇಬ್ರಾಹಿಮ್ ಆದಿಲಶಾಹನು 1599ರಲ್ಲಿ ಕಟ್ಟಿಸತೊಡಗಿದ ನವರಸಪುರದ ಅವಶೇಷಗಳಿವೆ. 1624ರಲ್ಲಿ ಮಲಿಕ್ ಅಂಬರನು ಸೂರೆಮಾಡಿದ ಮೇಲೆ ಆ ನಗರ ಮತ್ತೆ ಮೇಲೇಳಲಿಲ್ಲ. ದೇವರ ದರ್ಶನ ಮುಗಿಸಿ, ಸಂಗೀತ ಮಹಲಿನ ನೆರಳಿನಲ್ಲಿ ರೊಟ್ಟಿಯ ಗಂಟು ಬಿಚ್ಚಿ ಕುಳಿತಾಗ ಹುಡುಗರಲ್ಲಿ ಒಂದು ಜಗಳ ಹುಟ್ಟಿತು.

ಜಗಳ ರಾಮಾಯಣದ ಬಗೆಗಲ್ಲ, ಆದಿಲಶಾಹಿಯ ಬಗೆಗೂ ಅಲ್ಲ. 'ಸ್ಟಾರ್ ವಾರ್ಸ್' ಎಂಬ ಅಮೆರಿಕದ ಚಲಚ್ಚಿತ್ರಮಾಲೆಯ ಬಗೆಗೆ. ನಕ್ಷತ್ರಲೋಕದಲ್ಲಿ ನಡೆಯುವ ಈ ಅದ್ಭುತ ಕಥೆಯ 2015ರ ಚಿತ್ರದಲ್ಲಿ ರೇ ಎಂಬ ಹುಡುಗಿ ಬರುತ್ತಾಳೆ. ಮರಳುಗಾಡಿನಲ್ಲಿ ಹಾಳುಬಿದ್ದ ಹಡಗುಗಳ ಗುಜರಿ ಆಯ್ದು ಹೊಟ್ಟೆ ಹೊರೆಯುವ ಅನಾಥೆ. ಅವಳು ಬೆಳಕಿನ ಖಡ್ಗವನ್ನು ಹಿಡಿದು, ಗುರುಮುಖದಿಂದ ವಿದ್ಯೆ ಕಲಿತ ಯೋಧನೊಬ್ಬನನ್ನು ಹಿಮ್ಮೆಟ್ಟಿಸಿಬಿಡುತ್ತಾಳೆ.

“ಆಕಿಗೆ ಕತ್ತಿ ಹಿಡಿಯೂದು ಯಾರ್ ಕಲಿಸ್ಯಾರ್ರೀ ಸರ್? ಇದನ್ನ ಹೆಂಗ ನಂಬೂದು?” ಎಂದು ಒಬ್ಬ ಹುಡುಗ ಕೇಳಿದ.

ಎದುರಿಗೆ ಕುಳಿತ ಹುಡುಗಿಯೊಬ್ಬಳು ತಡೆಯಲಿಲ್ಲ: “ಮೊದಲನೇ ಚಿತ್ರದಾಗ ಹೊಲದಾಗ ದುಡಿಯೋ ಹುಡುಗ ಒಂದ ಹೊಡೆತಕ್ಕ ಆಕಾಶದಾಗಿನ ಕೋಟಿ ಒಡದ್ನಲ್ಲ, ಆವಾಗ ನಿನಗ್ಯಾಕ ಈ ಪ್ರಶ್ನೆ ಬರಲಿಲ್ಲ?”

ಅವಳು ಹೇಳಿದ್ದು 1977ರ ಮೊದಲ ಚಿತ್ರದ ನಾಯಕ ಲ್ಯೂಕನ ಮಾತು. ಪಂಗಡಗಳಾದುವು. ರೊಟ್ಟಿ ಆರಿಹೋಯಿತು. ಕೊನೆಗೆ ಎಲ್ಲರೂ ನನ್ನ ಮುಖ ನೋಡಿದರು. ಆಗ ನಾನು ಹಾರಿಕೆಯ ಉತ್ತರ ಕೊಟ್ಟು ಜಾರಿಕೊಂಡೆನು. ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದು ನಿನ್ನೆ ಮೊನ್ನೆಯ ಪ್ರಶ್ನೆಯಲ್ಲ. ನಮ್ಮ ಕಾವ್ಯಗಳಷ್ಟೇ ಹಳೆಯದು.

ಮೊದಲು ನಮ್ಮ ಭಾಷೆಯನ್ನೇ ನೋಡಬಹುದು. ಕನ್ನಡದಲ್ಲಿ 'ಕಲಿ' ಎಂದರೆ ವೀರ. 'ಕಲಿ' ಎಂದರೆ ವಿದ್ಯೆ ಪಡೆ ಎಂಬ ಕ್ರಿಯೆಯೂ ಹೌದು. ಇವೆರಡರ ಮೂಲ ಒಂದೇ ಎಂದು ವಾದಿಸಲು ನಾನು ಹೊರಟಿಲ್ಲ. ನಿಘಂಟುಕಾರರು ಅವನ್ನು ಬೇರೆ ಬೇರೆ ಪದಗಳೆಂದೇ ಎಣಿಸುತ್ತಾರೆ. ಆದರೂ ಕಿವಿಗೆ ಒಂದೇ ಆಗಿ ಕೇಳುವ ಈ ಎರಡು ಮಾತುಗಳ ನಡುವೆ ಇರುವ ದೂರವೆಷ್ಟು ಎಂಬುದೇ ನಮ್ಮ ಹುಡುಗರ ಜಗಳದ ತಿರುಳು. ಕಲಿಯದೆ ಕಲಿಯಾಗಬಹುದೆ?

ಈ ಸಂಶಯವನ್ನು ಮೊಟ್ಟಮೊದಲು ಎತ್ತಿದವನು ಯಾವ ವಿಮರ್ಶಕನೂ ಅಲ್ಲ, ದಶರಥ ಮಹಾರಾಜನು. ಯಜ್ಞರಕ್ಷಣೆಗೆ ರಾಮನನ್ನು ಕಳಿಸೆಂದು ವಿಶ್ವಾಮಿತ್ರನು ಬಂದು ಕೇಳಿದಾಗ, ವಾಲ್ಮೀಕಿಯ ಬಾಲಕಾಂಡದಲ್ಲಿ ದಶರಥನು ಕೊಡುವ ಉತ್ತರವನ್ನು ನೆನೆಯಿರಿ. ಮಗನಿಗೆ ಇನ್ನೂ ಹದಿನಾರು ತುಂಬಿಲ್ಲ, ವಿದ್ಯೆ ಮುಗಿದಿಲ್ಲ, ಶತ್ರುವಿನ ಬಲಾಬಲವನ್ನು ಅರಿಯನು, ಯುದ್ಧದಲ್ಲಿ ನುರಿತವನಲ್ಲ, ರಾಕ್ಷಸರೊಡನೆ ಹೋರಾಡಲು ತಕ್ಕವನಲ್ಲ ಎಂದು ತಂದೆ ಗೋಳಾಡುತ್ತಾನೆ. ಕೇಳುಗನ ಮನಸ್ಸಿನಲ್ಲಿ ಮೂಡಬಹುದಾದ ಆಕ್ಷೇಪವನ್ನು ಕವಿಯು ಮೊದಲೇ ತಂದೆಯ ಬಾಯಿಂದ ಆಡಿಸಿಬಿಟ್ಟಿದ್ದಾನೆ.

ಆಡಿಸಿದ ಮೇಲೆ ಅದಕ್ಕೆ ಲೆಕ್ಕವನ್ನೂ ಒಪ್ಪಿಸುತ್ತಾನೆ. ಸರಯೂ ತೀರದಲ್ಲಿ ವಿಶ್ವಾಮಿತ್ರನು ಬಲಾ, ಅತಿಬಲಾ ಎಂಬ ಎರಡು ವಿದ್ಯೆಗಳನ್ನು ಉಪದೇಶಿಸುತ್ತಾನೆ. ಅವುಗಳಿಂದ ದಣಿವಿಲ್ಲ, ಹಸಿವು ನೀರಡಿಕೆಗಳ ಬಾಧೆಯಿಲ್ಲ. ಆಮೇಲೆ ತಾಟಕೆಯ ವಧೆ. ಅದಾದ ಮೇಲೆ ಅಸ್ತ್ರಗಳ ಉಪದೇಶ. ಆಮೇಲೆಯೇ ಮಾರೀಚ ಸುಬಾಹುಗಳೊಡನೆ ಕಾದಾಟ. ಎಂದರೆ ದಾರಿ ನಡೆಯುತ್ತ ನಡೆಯುತ್ತಲೇ ಹುಡುಗ ಕಲಿಯುತ್ತಾನೆ. ಆ ಅಮೆರಿಕದ ಚಿತ್ರದಲ್ಲಿಯೂ ಹೀಗೆಯೇ ಎಂದು ಹುಡುಗರು ಹೇಳಿದರು. ಲ್ಯೂಕನು ಆಕಾಶನೌಕೆಯಲ್ಲಿ ಹೋಗುತ್ತಿರುವಾಗಲೇ ಮುದಿ ಗುರುವೊಬ್ಬನು ಅವನ ಕಣ್ಣು ಮರೆಮಾಡಿ ಖಡ್ಗ ಬೀಸಲು ಕಲಿಸುತ್ತಾನಂತೆ. ಅಲ್ಲಿ ವಿಶ್ವವನ್ನೆಲ್ಲ ವ್ಯಾಪಿಸಿರುವ ಶಕ್ತಿಗೆ 'ಫೋರ್ಸ್' ಎಂದು ಹೆಸರು. ಕನ್ನಡಕ್ಕೆ ತಂದರೆ ಅದೂ ಬಲವೇ! ಯಾರು ಯಾರಿಂದ ಪಡೆದರೆಂಬ ವಾದ ಬೇಡ. ಕಥೆ ಹೇಳುವವನಿಗೆ ಎಲ್ಲ ದೇಶಗಳಲ್ಲಿಯೂ ಕಷ್ಟ ಒಂದೇ.

ಲೆಕ್ಕ ಒಪ್ಪಿಸುವ ಉಪಾಯಗಳು ಹಲವು. ತೊರವಿಯ ನರಸಿಂಹನ ಗುಡಿಯಲ್ಲಿ ನಿಂತವನಿಗೆ ಪ್ರಹ್ಲಾದನು ನೆನಪಾಗದಿರನು. ಅವನು ತಾಯಿಯ ಗರ್ಭದಲ್ಲಿಯೇ ನಾರದನ ಉಪದೇಶವನ್ನು ಕೇಳಿದವನೆಂದು ಭಾಗವತ ಹೇಳುತ್ತದೆ. ಅಭಿಮನ್ಯುವಿಗೂ ನಮ್ಮ ಜನ ಇದೇ ಕಥೆಯನ್ನು ಹೊಂದಿಸಿದ್ದಾರೆ. ವ್ಯಾಸಭಾರತದಲ್ಲಿ ಅವನು ಹೇಳುವುದು ಇಷ್ಟೆ: ಚಕ್ರವ್ಯೂಹವನ್ನು ಒಡೆದು ಒಳಹೋಗುವುದನ್ನು ತಂದೆ ಕಲಿಸಿದ್ದಾನೆ, ಹೊರಬರುವುದನ್ನು ಕಲಿಸಿಲ್ಲ. ಅರ್ಧ ಕಲಿತದ್ದರಿಂದ ಒಳಹೊಕ್ಕನು, ಉಳಿದರ್ಧವನ್ನು ಕಲಿಯದ್ದರಿಂದ ಮಡಿದನು. ಇಲ್ಲಿ ಕವಿಯು ಕಲಿಕೆಯ ಲೆಕ್ಕದ ಜೊತೆಗೆ ಅದರ ಕೊರತೆಗೆ ತೆರಬೇಕಾದ ಬೆಲೆಯನ್ನೂ ಕೇಳುತ್ತಾನೆ. ಆದ್ದರಿಂದಲೇ ಅಭಿಮನ್ಯುವಿನ ಪ್ರಸಂಗದಲ್ಲಿ ನಂಬಿಕೆಯ ಪ್ರಶ್ನೆಯೇ ಏಳುವುದಿಲ್ಲ. ಕಣ್ಣು ಹನಿಗೂಡುತ್ತದೆ ಅಷ್ಟೆ.

ಇದಕ್ಕೆ ತದ್ವಿರುದ್ಧವಾದವನು ಉತ್ತರಕುಮಾರ. ರಾಜನ ಮಗ, ಬಿಲ್ಲು, ಬಾಣ, ರಥ, ಯಾವುದಕ್ಕೂ ಕೊರತೆಯಿಲ್ಲ. ಕುಮಾರವ್ಯಾಸನ ವಿರಾಟಪರ್ವದಲ್ಲಿ ಹೆಂಗಳೆಯರ ಮುಂದೆ ಅವನು ಕೊಚ್ಚಿಕೊಳ್ಳುವುದನ್ನೂ, ಕೌರವಸೇನೆಯನ್ನು ಕಂಡೊಡನೆ ರಥದಿಂದ ಧುಮುಕಿ ಓಡುವುದನ್ನೂ ಗಮಕಿಗಳ ಬಾಯಲ್ಲಿ ಕೇಳಿ ನಗದ ಕನ್ನಡಿಗನಿಲ್ಲ. ಅರಮನೆಯ ಶಿಕ್ಷಣವೊಂದೇ ವೀರನನ್ನು ಮಾಡುವಂತಿದ್ದರೆ ಉತ್ತರನು ಓಡಬಾರದಾಗಿತ್ತು.

ಹಾಗೆಂದು ನಮ್ಮವರು ಅಭ್ಯಾಸವನ್ನು ಹಗುರವಾಗಿ ಕಂಡವರಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದಕ್ಕೆ ಒಂದು ಪ್ರಕರಣವೇ ಮೀಸಲು. ವಯಸ್ಸು, ಮೈಕಟ್ಟು, ಶಕ್ತಿಗಳನ್ನು ನೋಡಿ ಜಟ್ಟಿಗಳನ್ನು ವರ್ಗ ಮಾಡುವುದು, ಅವರ ಆಹಾರ, ಅವರ ವ್ಯಾಯಾಮ, ಎಲ್ಲವೂ ಅಲ್ಲಿ ವಿವರವಾಗಿವೆ. ನಮ್ಮ ಹಳ್ಳಿಗಳ ಗರಡಿಯ ಕೆಂಪು ಮಣ್ಣಿಗೆ ಅಷ್ಟು ಹಳೆಯ ಶಾಸ್ತ್ರದ ಬೆಂಬಲವುಂಟು. ಗರಡಿಯಲ್ಲಿ ಬೆವರು ಸುರಿಸಿದವನು, ಒಂದು ದಿನವೂ ಮಣ್ಣು ಮುಟ್ಟದವನು ಜಟ್ಟಿಯನ್ನು ಚಿತ್ತು ಮಾಡಿದನೆಂಬ ಕಥೆಯನ್ನು ಕೇಳಿ ನಕ್ಕರೆ ತಪ್ಪೇನು? ನನ್ನ ವಿದ್ಯಾರ್ಥಿಯ ಆಕ್ಷೇಪದಲ್ಲಿ ಈ ನ್ಯಾಯವಿದೆ. ಕಲಿತವನ ಬೆವರಿಗೆ ಅವಮಾನವಾಗಬಾರದು.

ಆದರೆ ಬೆವರು ಗರಡಿಯಲ್ಲಿ ಮಾತ್ರ ಸುರಿಯುತ್ತದೆಯೆ? ಇಲ್ಲಿ ಕಾವ್ಯವನ್ನು ಬಿಟ್ಟು ಇತಿಹಾಸಕ್ಕೆ ಬರಬೇಕು.

ಚಿತ್ರದುರ್ಗದ ಓಬವ್ವನನ್ನು ಅರಿಯದವರಾರು? ಹೈದರಾಲಿಯ ಮುತ್ತಿಗೆಯ ಕಾಲ. ದುರ್ಗ ಅವನ ವಶವಾದದ್ದು 1779ರಲ್ಲಿ. ಅದಕ್ಕೆ ಮುಂಚಿನ ಒಂದು ಮುತ್ತಿಗೆಯಲ್ಲಿ, ಕಾವಲುಗಾರ ಗಂಡ ಊಟಕ್ಕೆ ಕುಳಿತಿದ್ದಾಗ ನೀರಿಗೆ ಹೋದ ಓಬವ್ವ, ಬಂಡೆಗಳ ಸಂದಿಯ ಕಿಂಡಿಯಿಂದ ವೈರಿಗಳು ನುಸುಳುವುದನ್ನು ಕಂಡಳು. ಒನಕೆ ಹಿಡಿದು ನಿಂತು, ತಲೆಯಿಟ್ಟವರನ್ನೆಲ್ಲ ಒಬ್ಬೊಬ್ಬರನ್ನಾಗಿ ಕೆಡವಿದಳು ಎಂಬುದು ದುರ್ಗದ ಜನ ಹೇಳಿಕೊಂಡು ಬಂದ ಕಥೆ. ಅವಳಿಗೆ ಯುದ್ಧ ಕಲಿಸಿದವರಾರು? ಯಾರೂ ಅಲ್ಲ. ಆದರೂ ಆ ಕಿಂಡಿಯನ್ನು ಕಣ್ಣಾರೆ ಕಂಡವನಿಗೆ ಸಂಶಯ ಬರುವುದಿಲ್ಲ. ಅಲ್ಲಿ ಒಮ್ಮೆಗೆ ಒಬ್ಬನೇ ತೂರಬೇಕು. ತೂರುವವನು ತಲೆ ಬಗ್ಗಿಸಬೇಕು. ಬಗ್ಗಿದವನಿಗೆ ಕತ್ತಿ ಬೀಸಲು ಎಡೆಯಿಲ್ಲ. ಮೇಲಿನಿಂದ ಒನಕೆ ಎತ್ತಿ ಒಂದೇ ಗುರಿಗೆ ಇಳಿಸುವುದೋ, ಭತ್ತ ಕುಟ್ಟಿದ ಹೆಣ್ಣಿಗೆ ದಿನನಿತ್ಯದ ಅಭ್ಯಾಸ. ಬಯಲಿನಲ್ಲಿ ಅದೇ ಸೈನಿಕನೆದುರು ಕತ್ತಿ ಕೊಟ್ಟು ನಿಲ್ಲಿಸಿದ್ದರೆ ಕಥೆ ಬೇರೆಯಾಗುತ್ತಿತ್ತು. ಅವಳು ಕಲಿಯದೆ ಕಲಿಯಾದವಳಲ್ಲ. ಬೇರೆ ಕೆಲಸಕ್ಕೆಂದು ಕಲಿತದ್ದು ಆ ದಿನ ಯುದ್ಧಕ್ಕೆ ಒದಗಿತು. ಬೆಲೆಯನ್ನೂ ಅವಳು ತೆತ್ತಳು. ಆ ದಿನವೇ ಮಡಿದಳೆಂದು ಕಥೆ ಮುಗಿಯುತ್ತದೆ.

ನಮ್ಮ ಕಡೆಗೇ ಬಂದರೆ ಹಲಗಲಿಯ ಬೇಡರುಂಟು. 1857ರಲ್ಲಿ ಬ್ರಿಟಿಷ್ ಸರಕಾರ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯಿದೆ ತಂದಾಗ, ಮುಧೋಳ ಸಂಸ್ಥಾನದ ಈ ಚಿಕ್ಕ ಹಳ್ಳಿಯವರು ಒಪ್ಪಲಿಲ್ಲ. ಅವರು ಯಾವ ದಂಡಿನ ಶಾಲೆಯಲ್ಲಿಯೂ ಕಲಿತವರಲ್ಲ. ಕಾಡಿನಲ್ಲಿ ಬೇಟೆಯಾಡಿ ಗುರಿ ಕಲಿತವರು. ಆಯುಧ ಅವರಿಗೆ ಅನ್ನವೂ ಆಗಿತ್ತು, ಮಾನವೂ ಆಗಿತ್ತು. ದಂಡು ಬಂದಿತು, ಊರು ಸುಟ್ಟಿತು. ಡಿಸೆಂಬರಿನಲ್ಲಿ ಹಲವರನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಅವರನ್ನು ಇಂದಿಗೂ ಉಳಿಸಿದ್ದಾರೆ. ಲ್ಯೂಕನು ಚಿಕ್ಕಂದಿನಲ್ಲಿ ಕಮರಿಯಲ್ಲಿ ಹೆಗ್ಗಣದಂಥ ಪ್ರಾಣಿಗಳಿಗೆ ಗುರಿಯಿಟ್ಟು ಕಲಿತೆನೆಂದು ಹೇಳಿಕೊಳ್ಳುತ್ತಾನಂತೆ. ಹಲಗಲಿಯವರಿಗೆ ಆ ಮಾತು ಅರ್ಥವಾಗುತ್ತಿತ್ತು. ಆದರೆ ಲ್ಯೂಕನು ಗೆದ್ದನು, ಇವರು ಸೋತರು. ಇತಿಹಾಸದಲ್ಲಿ ಬೇಟೆಯ ಗುರಿಯು ಪಳಗಿದ ದಂಡಿನೆದುರು ಸಾಮಾನ್ಯವಾಗಿ ಇಷ್ಟೇ ದೂರ ಬರುತ್ತದೆ. ನಮ್ಮ ಹಳ್ಳಿಗಳಲ್ಲೆಲ್ಲ ನಿಂತಿರುವ ವೀರಗಲ್ಲುಗಳ ಸಾಕ್ಷಿಯೂ ಅದೇ. ತುರುಗಳನ್ನು ಕಳ್ಳರು ಅಟ್ಟಿಕೊಂಡು ಹೋದಾಗ ಅಡ್ಡ ನಿಂತವನು ಕೆಳಗಿನ ಪಟ್ಟಿಕೆಯಲ್ಲಿ ಕಾದುತ್ತಾನೆ. ನಡುವೆ ಅಪ್ಸರೆಯರು ಅವನನ್ನು ಎತ್ತಿಕೊಂಡು ಹೋಗುತ್ತಾರೆ. ಮೇಲೆ ಶಿವಸನ್ನಿಧಿಯಲ್ಲಿ ಕುಳಿತಿದ್ದಾನೆ. ಚಿತ್ರದ ವೀರ ಗೆಲ್ಲುತ್ತಾನೆ, ಕಲ್ಲಿನ ವೀರ ಸಾಯುತ್ತಾನೆ. ಸತ್ತವನ ಶೌರ್ಯವನ್ನು ಯಾರೂ ಅನುಮಾನಿಸುವುದಿಲ್ಲ.

ಅನುಮಾನ ಯಾರ ಮೇಲೆ ಬರುತ್ತದೆ? ನವರಸಪುರವನ್ನು ಕಟ್ಟಿಸಿದ ಇಬ್ರಾಹಿಮನು 1580ರಲ್ಲಿ ಪಟ್ಟಕ್ಕೆ ಬಂದಾಗ ಎಳೆಯ ಬಾಲಕ. ಅವನ ಪರವಾಗಿ ರಾಜ್ಯ ನಡೆಸಿದವರಲ್ಲಿ ಚಾಂದಬೀಬಿ ಪ್ರಮುಖಳು. ಮುಂದೆ 1595–96ರಲ್ಲಿ ಮೊಗಲರು ಅಹಮದನಗರದ ಕೋಟೆಯನ್ನು ಮುತ್ತಿ ಗೋಡೆಯನ್ನು ಸಿಡಿಸಿದಾಗ, ಕವಚ ತೊಟ್ಟು, ಮುಖಕ್ಕೆ ಮುಸುಕು ಹಾಕಿ, ಹಿರಿದ ಕತ್ತಿಯೊಡನೆ ಅವಳು ಆ ಬಿರುಕಿನಲ್ಲಿ ನಿಂತಳೆಂದು ಬಿಜಾಪುರದ ದರಬಾರಿನ ಇತಿಹಾಸಕಾರ ಫಿರಿಶ್ತಾ ಬರೆದಿದ್ದಾನೆ. ಆಕೆಗೆ ಕತ್ತಿ ಹಿಡಿಯಲು ಯಾರು ಕಲಿಸಿದರೆಂದು ಜನ ಈಗಲೂ ಬೆರಗಿನಿಂದ ಕೇಳುತ್ತಾರೆ. ಕೈಮೇಲೆ ಗಿಡುಗವನ್ನು ಕೂರಿಸಿಕೊಂಡು ಕುದುರೆಯೇರಿದ ಅವಳ ಚಿತ್ರಗಳು ದಖನ್ನಿನ ಕಲೆಯಲ್ಲಿ ಪ್ರಸಿದ್ಧವಾಗಿವೆ. ಉತ್ತರ ಅಲ್ಲಿಯೇ ಇದೆ. ಅದೇ ಕೋಟೆಯ ಗಂಡು ಸರದಾರರ ಬಗೆಗೆ ಈ ಪ್ರಶ್ನೆಯನ್ನು ಕೇಳಿದವರನ್ನು ನಾನು ಕಂಡಿಲ್ಲ.

ಎಲ್ಲಕ್ಕಿಂತ ಕಠೋರವಾದ ನಿದರ್ಶನ ಏಕಲವ್ಯನದು. ದ್ರೋಣನು ವಿದ್ಯೆ ಕಲಿಸಲು ಒಲ್ಲೆನೆಂದನು. ಹುಡುಗನು ಕಾಡಿಗೆ ಹೋಗಿ ಗುರುವಿನ ಮಣ್ಣಿನ ಮೂರ್ತಿ ಮಾಡಿಕೊಂಡು ಅಭ್ಯಾಸ ಮಾಡಿದನು. ಬೊಗಳುವ ನಾಯಿಯ ಬಾಯಿಗೆ ಏಳು ಬಾಣಗಳನ್ನು ತುಂಬಿದ ಕೈಚಳಕವನ್ನು ಕಂಡು ಪಾಂಡವರು ಬೆರಗಾಗಿ ಕೇಳಿದರು: ನೀನು ಯಾರು, ಯಾರ ಕಡೆಯವನು? ದ್ರೋಣನ ಶಿಷ್ಯನೆಂದು ಅವನು ಹೆಮ್ಮೆಯಿಂದ ಹೇಳಿದನು. ಆ ಉತ್ತರಕ್ಕಾಗಿ ಬಲಗೈಯ ಹೆಬ್ಬೆರಳನ್ನು ಕೊಡಬೇಕಾಯಿತು. ಯಾರು ಕಲಿಸಿದರೆಂಬ ಪ್ರಶ್ನೆ ಯಾವಾಗಲೂ ಮುಗ್ಧವಾದುದಲ್ಲ.

ಇಲ್ಲಿ ನನ್ನ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳು ಷಟ್ಪದಿಯ ಲಯದ ಬಗೆಗೆ ಒಂದು ಪ್ರಬಂಧ ಬರೆದು ತಂದಳು. ಮನೆಯಲ್ಲಿ ಮೊದಲು ಶಾಲೆಯ ಮೆಟ್ಟಿಲು ಹತ್ತಿದವಳೇ ಅವಳು. ಪ್ರಬಂಧ ಎಷ್ಟು ಚೆನ್ನಾಗಿತ್ತೆಂದರೆ ನಾನು ಮೆಚ್ಚುವ ಬದಲು, ಎಲ್ಲರ ಮುಂದೆಯೇ, “ಇದನ್ನು ಯಾರು ಬರೆದುಕೊಟ್ಟರಮ್ಮ?” ಎಂದುಬಿಟ್ಟೆನು. ಅವಳು ತಲೆತಗ್ಗಿಸಿ, “ನಮ್ಮ ಮುತ್ಯಾ ಹಂತಿ ಪದ ಹಾಡ್ತಿದ್ದಾರ್ರೀ” ಎಂದಳು. ರಾಶಿ ಮಾಡುವ ಕಣದಲ್ಲಿ, ಎತ್ತುಗಳ ಹಿಂದೆ ಸುತ್ತುತ್ತ, ಅಜ್ಜನ ಹಾಡಿನ ಹೆಜ್ಜೆಯನ್ನು ಅವಳು ಐದಾರು ವರ್ಷದವಳಿದ್ದಾಗಿನಿಂದ ಎಣಿಸಿದ್ದಳು. ಲಯವನ್ನು ನಾನು ಪುಸ್ತಕದಿಂದ ಕಲಿತೆನು. ಅವಳು ಕಾಲಿನಿಂದ ಕಲಿತಿದ್ದಳು. ನನಗಿಂತ ಮೊದಲೇ, ನನಗಿಂತ ಹೆಚ್ಚು ಕಾಲ ಕಲಿತಿದ್ದಳು. ಆ ದಿನ ನಾನು ಕ್ಷಮೆ ಕೇಳಲಿಲ್ಲ. ಅದು ಇಂದಿಗೂ ಚುಚ್ಚುತ್ತದೆ.

ಆದ್ದರಿಂದ ಸಂಗೀತ ಮಹಲಿನ ನೆರಳಿನಲ್ಲಿ ಕೊಡದೆ ಹೋದ ಉತ್ತರವನ್ನು ಈಗ ಕೊಡುತ್ತೇನೆ. ಯಾವ ವೀರನೂ ಸುಮ್ಮನೆ ಕಲಿಯಾಗುವುದಿಲ್ಲ. ಎಲ್ಲಿ ಕಲಿತನೆಂದು ಕವಿಯಾಗಲಿ ಚಿತ್ರಕಾರನಾಗಲಿ ತೋರಿಸಬೇಕು, ಕಲಿಯದೆ ಉಳಿದುದಕ್ಕೆ ಬೆಲೆಯನ್ನೂ ತೆರಿಸಬೇಕು. ಎರಡನ್ನೂ ಮಾಡದ ಕಥೆ ಮೋಸದ ಕಥೆಯೇ ಸರಿ. ಅಷ್ಟರ ಮಟ್ಟಿಗೆ ಹುಡುಗನ ಪಕ್ಷ ಗಟ್ಟಿ. ಆದರೆ ಆ ಚಿತ್ರದ ರೇ ಮೊದಲಿನಿಂದಲೂ ಉದ್ದನೆಯ ದೊಣ್ಣೆ ಹಿಡಿದು ತನ್ನನ್ನು ತಾನು ಕಾಪಾಡಿಕೊಂಡವಳೆಂದೂ, ಅವಳ ಎದುರಾಳಿ ಆಗಲೇ ಗಾಯಗೊಂಡಿದ್ದನೆಂದೂ ಹುಡುಗಿ ಹೇಳಿದಳಲ್ಲ, ಅದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ದೊಣ್ಣೆಯೂ ಒಂದು ಗುರುಕುಲ. ಓಬವ್ವನ ನಾಡಿನವರಿಗೆ ಇದನ್ನು ಹೇಳಿಕೊಡಬೇಕೆ?

ಮುಂದಿನ ವಾರ ತರಗತಿಯಲ್ಲಿ ತೊರವೆ ರಾಮಾಯಣದ ಬಾಲಕಾಂಡವನ್ನು ಎತ್ತಿಕೊಳ್ಳುವವನಿದ್ದೇನೆ. ದಶರಥನ ಸಂಶಯದಿಂದಲೇ ಪಾಠ ಶುರು. ವಾದ ಮುಂದುವರಿಯಲಿ, ಈ ಸಲ ನಾನು ಜಾರಿಕೊಳ್ಳುವುದಿಲ್ಲ.