ದೋಣಿಯ ಕುಶನ್ ನೀರಿಗೆ ಬಿದ್ದವರನ್ನು ತೇಲಿಸುತ್ತದೆಯೇ? ಮನೆಯಲ್ಲೇ ಸೀಟು ಹೊಲಿಯುವ ಮುನ್ನ ಇದನ್ನು ಓದಿ

"ದೋಣಿಯಲ್ಲಿ ದಪ್ಪ ಸ್ಪಂಜಿನ ಸೀಟು ಹಾಕಿಸಿದರೆ ಸಾಕು, ಮಗುಚಿದರೂ ಅದನ್ನೇ ಹಿಡಿದು ತೇಲಬಹುದು" ಎನ್ನುವ ಮಾತನ್ನು ನೀವೂ ಕೇಳಿರಬಹುದು. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಸ್ಪಂಜಿನ ಮಟ್ಟಿಗೆ ಈ ಮಾತು ತಪ್ಪು, ಅಪಾಯಕಾರಿ ಕೂಡ.

ಮಾತು ಪೂರ್ತಿ ಆಧಾರವಿಲ್ಲದ್ದೂ ಅಲ್ಲ. ಕೆಲವು ವಿಮಾನಗಳಲ್ಲಿ ಸೀಟಿನ ಕೆಳಭಾಗವನ್ನು ತೇಲುವಂತೆಯೇ ಮಾಡಿರುತ್ತಾರೆ. ಅಮೆರಿಕದ ಕೋಸ್ಟ್ ಗಾರ್ಡ್ ಅನುಮೋದಿಸಿದ, ಮುಳುಗುವವರತ್ತ ಎಸೆಯುವ ಪಟ್ಟಿಯ ಕುಶನ್‌ಗಳೂ ಇವೆ. ಆದರೆ ಅವು ಆ ಉದ್ದೇಶಕ್ಕೆಂದೇ ತಯಾರಾಗಿ ಪರೀಕ್ಷೆ ದಾಟಿದವು. ಸಿಂಧನೂರಿನಲ್ಲೋ ಲಿಂಗಸುಗೂರಿನಲ್ಲೋ ಬೈಕ್ ಸೀಟಿಗೆ ಹಾಕುವ ಸ್ಪಂಜು ಬೇರೆ ಜಾತಿಯದು.

ಆ ಸ್ಪಂಜು ಪಾಲಿಯುರೆಥೇನ್ ಫೋಮ್. ಅದರ ಗುಳ್ಳೆಗಳು ಒಂದಕ್ಕೊಂದು ತೆರೆದುಕೊಂಡಿರುತ್ತವೆ. ಒತ್ತಿದಾಗ ಗಾಳಿ ಹೊರಹೋಗುತ್ತದೆ, ಬಿಟ್ಟಾಗ ಒಳಬರುತ್ತದೆ, ಮೆತ್ತಗಿರುವುದೇ ಅದರಿಂದ. ಲೆಕ್ಕ ನೋಡಿ: 45 ಸೆಂ.ಮೀ. ಉದ್ದ, ಅಷ್ಟೇ ಅಗಲ, 10 ಸೆಂ.ಮೀ. ದಪ್ಪದ ಕುಶನ್ ಅಂದರೆ ಸುಮಾರು 20 ಲೀಟರ್ ಗಾತ್ರ. ಒಣಗಿದ್ದಾಗ ಅದು ಹೆಚ್ಚುಕಡಿಮೆ 20 ಕೆ.ಜಿ. ಭಾರವನ್ನು ಎತ್ತಿ ಹಿಡಿಯಬಲ್ಲದು. ನೀರಿನಲ್ಲಿರುವ ವಯಸ್ಕರ ತಲೆ ಮೇಲೆ ಉಳಿಯಲು ಬೇಕಾಗುವ ಹೆಚ್ಚುವರಿ ಆಸರೆ ಸಾಮಾನ್ಯವಾಗಿ 5 ಕೆ.ಜಿ.ಯ ಆಸುಪಾಸು ಮಾತ್ರ. ಹಾಗಾಗಿ ಮೊದಲ ಕೆಲವು ನಿಮಿಷ ಕುಶನ್ ಚೆನ್ನಾಗಿಯೇ ತೇಲಿಸುತ್ತದೆ. ಮೋಸ ಇರುವುದೇ ಇಲ್ಲಿ. ಗಾಬರಿಯಾದ ಮನುಷ್ಯ ಅದನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಾನೆ, ಗಾಳಿ ಹೊರಹೋಗುತ್ತದೆ, ಆ ಜಾಗಕ್ಕೆ ನೀರು ಬರುತ್ತದೆ. ಫೋಮ್‌ನ ಘನವಸ್ತು ನೀರಿಗಿಂತ ತುಸು ಭಾರ. ಗಾಳಿಯೆಲ್ಲ ಹೋದ ಮೇಲೆ ಆಸರೆ ಶೂನ್ಯ.

ಗುಳ್ಳೆಗಳು ಮುಚ್ಚಿಕೊಂಡಿರುವ ಫೋಮ್ ಕೂಡ ಇದೆ. ಯೋಗ ಮ್ಯಾಟ್, ಲೈಫ್ ಜಾಕೆಟ್‌ಗಳಲ್ಲಿ ಬಳಸುವ ಈವಿಎ ಅಥವಾ ಪಾಲಿಎಥಿಲೀನ್ ಫೋಮ್ ಇಂಥದ್ದು. ಗುರುತಿಸುವುದು ಸುಲಭ. ಒಂದು ತುಂಡನ್ನು ಬಕೆಟ್ ನೀರಿನೊಳಗೆ ಮುಳುಗಿಸಿ ಹತ್ತು ಸಲ ಹಿಂಡಿ. ಮತ್ತೆ ಹಗುರವಾಗಿ ಮೇಲೆದ್ದರೆ ಮುಚ್ಚಿದ ಗುಳ್ಳೆ. ಭಾರವಾಗಿ ನೀರು ಸುರಿಸಿದರೆ ತೆರೆದ ಗುಳ್ಳೆ. ಮುಚ್ಚಿದ ಗುಳ್ಳೆಯ ಫೋಮ್ ಹಾಕಿದ ಸೀಟು ಕೂಡ ಲೈಫ್ ಜಾಕೆಟ್‌ಗೆ ಬದಲಿ ಅಲ್ಲ. ಪ್ರಜ್ಞೆ ತಪ್ಪಿದವರ ಕೈಯಿಂದ ಕುಶನ್ ಜಾರುತ್ತದೆ, ಜಾಕೆಟ್ ಜಾರುವುದಿಲ್ಲ.

ನಮ್ಮ ತೆಪ್ಪಕ್ಕೆ ಸೀಟೇ ಇಲ್ಲವಲ್ಲ?

ಸರಿಯಾದ ಪ್ರಶ್ನೆ. ನಮ್ಮ ಭಾಗದ ದೋಣಿ ಎಂದರೆ ಬಿದಿರಿನ ತೆಪ್ಪ, ಅಂದರೆ ಹರಿಗೋಲು. ಸುಮಾರು 1520ರಲ್ಲಿ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್, ಬುಟ್ಟಿಯಂತೆ ದುಂಡಗಿರುವ, ಹೊರಗೆ ಚರ್ಮ ಹೊದಿಸಿದ, ನೇರ ಹೋಗದೆ ತಿರುಗುತ್ತಲೇ ಸಾಗುವ ದೋಣಿಗಳನ್ನು ವರ್ಣಿಸಿದ್ದಾನೆ. 15–20 ಜನ ಕೂರುತ್ತಿದ್ದರಂತೆ. ಅದೇ ತುಂಗಭದ್ರೆ ಮುಂದೆ ಸಿಂಧನೂರು ತಾಲ್ಲೂಕಿನ ಅಂಚಿನಲ್ಲಿ ಹರಿಯುತ್ತದೆ. ಈಗ ಚರ್ಮದ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಗೊಬ್ಬರದ ಚೀಲ, ಮೇಲೆ ಡಾಂಬರು ಬಂದಿದೆ. ತೆಪ್ಪದಲ್ಲಿ ಹೊದಿಕೆ ಅಲಂಕಾರವಲ್ಲ, ಅದೇ ದೋಣಿ. ಬಿದಿರಿನ ಹೆಣಿಗೆ ಆಕಾರ ಕೊಡುತ್ತದೆ ಅಷ್ಟೆ. ನೀರನ್ನು ತಡೆಯುವುದು ಹೊದಿಕೆ.

2 ಮೀಟರ್ ವ್ಯಾಸದ ತೆಪ್ಪ ಪ್ರತಿ 1 ಸೆಂ.ಮೀ. ಮುಳುಗಿದಾಗ ಸುಮಾರು 31 ಲೀಟರ್ ನೀರನ್ನು ಸರಿಸುತ್ತದೆ, ಅಂದರೆ 31 ಕೆ.ಜಿ. ಹೊರುತ್ತದೆ. 60 ಕೆ.ಜಿ.ಯ ಒಬ್ಬರು ಹತ್ತಿದರೆ ಅದು ಇಳಿಯುವುದು ಸುಮಾರು 2 ಸೆಂ.ಮೀ. ಮಾತ್ರ. "ಇನ್ನೊಬ್ಬರು ಬರಲಿ ಬಿಡಿ" ಎನ್ನುವ ಧೈರ್ಯ ಹುಟ್ಟುವುದು ಇದರಿಂದಲೇ. ಆದರೆ ಎಲ್ಲರೂ ಒಂದೇ ಬದಿಗೆ ವಾಲಿದರೆ ಈ ಲೆಕ್ಕ ಕೆಲಸಕ್ಕೆ ಬರುವುದಿಲ್ಲ, ಅಂಚು ನೀರಿಗೆ ತಾಗುತ್ತದೆ. 2020ರ ಆಗಸ್ಟ್‌ನಲ್ಲಿ ರಾಯಚೂರು ತಾಲ್ಲೂಕಿನ ಕುರ್ವಕುಲ ನಡುಗಡ್ಡೆ ಬಳಿ ಕೃಷ್ಣೆಯಲ್ಲಿ ತೆಪ್ಪ ಮಗುಚಿ ಜನ ನೀರುಪಾಲಾಗಿದ್ದರು. ನಾರಾಯಣಪುರ ಜಲಾಶಯದಿಂದ ನೀರು ಬಿಟ್ಟಾಗ ಲಿಂಗಸುಗೂರು ತಾಲ್ಲೂಕಿನ ಶೀಲಹಳ್ಳಿ ಸೇತುವೆ ಮುಳುಗುತ್ತದೆ, ನಡುಗಡ್ಡೆಯವರ ದಾರಿ ಕಟ್ಟಾಗುತ್ತದೆ. ಅಂಥ ದಿನಗಳಲ್ಲಿ ಯಾವ ಹೊದಿಕೆಯನ್ನೂ ನಂಬಿ ನದಿಗೆ ಇಳಿಯಬೇಡಿ.

ತೆಪ್ಪದ ಹೊದಿಕೆ ಕೆಲಸ ಕಲಿಯುವ ಆಸೆಯಿದ್ದರೆ ಅದನ್ನು ಕಟ್ಟುವವರ ಪಕ್ಕದಲ್ಲಿ ಕುಳಿತೇ ಕಲಿಯಿರಿ. ಒದ್ದೆ ಅಥವಾ ಧೂಳು ಇರುವ ಜಾಗಕ್ಕೆ ಡಾಂಬರು ಹಿಡಿಯುವುದಿಲ್ಲ. ತೇಪೆ ಹಾಕಿದ ಮೇಲೆ ಮೊದಲು ಮೊಣಕಾಲುದ್ದದ ನೀರಿನಲ್ಲಿ ಮರಳಿನ ಚೀಲ ಇಟ್ಟು ನೋಡಿ, ಆಮೇಲೆ ಮನುಷ್ಯರು.

ಸೀಟಿನ ಕೆಲಸ ಬೈಕಿನಿಂದ ಶುರುವಾಗಲಿ

ಹವ್ಯಾಸಕ್ಕಾದರೆ ಹಳೆಯ ಬೈಕ್ ಸೀಟು ಒಳ್ಳೆಯ ಪಾಠಶಾಲೆ. ಮಸ್ಕಿಯಂಥ ಊರಿನಲ್ಲೂ ಸಿಗುತ್ತದೆ. ಹಳೆಯ ರೆಕ್ಸಿನ್ ಹರಿಯಬೇಡಿ. ಪಿನ್ನುಗಳನ್ನು ಒಂದೊಂದಾಗಿ ಕಿತ್ತು, ಹೊಲಿಗೆ ಬಿಚ್ಚಿ ಹರಡಿದರೆ ಅದೇ ನಿಮ್ಮ ಅಳತೆ. ಹೊಸದನ್ನು ಮೊದಲು ನಾಲ್ಕೂ ಬದಿಯ ಮಧ್ಯದಲ್ಲಿ ಎಳೆದು ಪಿನ್ ಹೊಡೆಯಿರಿ, ಮೂಲೆಗಳು ಕೊನೆಗೆ. ಮೂಲೆಯಿಂದ ಶುರು ಮಾಡಿದರೆ ಸುಕ್ಕು ನಡುವೆ ಬಂದು ಕೂರುತ್ತದೆ, ಮತ್ತೆ ಹೋಗುವುದಿಲ್ಲ. ದೋಣಿಯ ಸೀಟಾದರೆ ಸ್ಟೇನ್‌ಲೆಸ್ ಸ್ಟೀಲ್ ಪಿನ್, ಪಾಲಿಯೆಸ್ಟರ್ ದಾರವೇ ಇರಲಿ. ಹತ್ತಿ ದಾರ ಒದ್ದೆಯಲ್ಲಿ ಕೊಳೆಯುತ್ತದೆ.

ಇನ್ನೊಂದು ತಪ್ಪು ನಂಬಿಕೆ: "ರೆಕ್ಸಿನ್ ಹಾಕಿದರೆ ನೀರು ಒಳಗೆ ಹೋಗುವುದೇ ಇಲ್ಲ". ರೆಕ್ಸಿನ್ ಎಂದರೆ ಪಿವಿಸಿ ಲೇಪಿಸಿದ ಬಟ್ಟೆ. ಅದು ನೀರನ್ನು ತಡೆಯುವುದು ನಿಜ. ಆದರೆ ಸೂಜಿ ಚುಚ್ಚಿದ ಪ್ರತಿ ಜಾಗವೂ ಒಂದು ತೂತು. ಮಳೆ ನಿಂತ ಮರುದಿನವೂ ಬೈಕ್ ಸೀಟಿನಲ್ಲಿ ಕೂತವರ ಪ್ಯಾಂಟು ಒದ್ದೆಯಾಗುವುದು ಇದರಿಂದಲೇ. ಒಳಗೆ ಹೋದ ನೀರಿಗೆ ಬೇಗ ಒಣಗಲು ದಾರಿಯಿಲ್ಲ, ಬೂಷ್ಟು ಬೆಳೆಯುತ್ತದೆ. ಹೊಲಿಗೆ ಗಟ್ಟಿಯಾಗಲೆಂದು ಒತ್ತೊತ್ತಾಗಿ ಹಾಕಿದರೆ ಅಂಚೆಚೀಟಿಯ ಹಾಳೆಯಂತೆ ಸಾಲಾಗಿ ಹರಿಯುತ್ತದೆ. ಒಂದೊಂದು ಹೊಲಿಗೆ 3.5ರಿಂದ 4 ಮಿ.ಮೀ. ಇರಲಿ, ಸೂಜಿ 16 ಅಥವಾ 18ನೇ ನಂಬರಿನದು. ಫೋಮ್ ಮೇಲೆ ತೆಳು ಪ್ಲಾಸ್ಟಿಕ್ ಹಾಳೆ ಹೊದಿಸಿ, ತಳದ ಹಲಗೆಯಲ್ಲಿ ನಾಲ್ಕಾರು ತೂತು ಬಿಡಿ. ನೀರು ಬರದಂತೆ ಮಾಡುವುದಕ್ಕಿಂತ ಬಂದ ನೀರು ಹೋಗುವಂತೆ ಮಾಡುವುದು ಸುಲಭ.

ಫೋಮ್ ಅಂಟಿಸುವ ಗಮ್‌ನಲ್ಲಿ ಬೇಗ ಬೆಂಕಿ ಹತ್ತುವ ದ್ರಾವಕಗಳಿರುತ್ತವೆ. ಮುಚ್ಚಿದ ಕೋಣೆಯಲ್ಲಿ ಹಚ್ಚಿದರೆ ತಲೆನೋವು, ತಲೆಸುತ್ತು ಬರುತ್ತದೆ. ಬಾಗಿಲು ತೆರೆದು ಅಥವಾ ಪಡಸಾಲೆಯಲ್ಲಿ ಕೂತು ಕೆಲಸ ಮಾಡಿ, ಹತ್ತಿರ ಬೀಡಿ, ಒಲೆ ಬೇಡ. ಉಳಿದ ಸ್ಪಂಜಿನ ಚೂರುಗಳನ್ನು ಸುಡಬೇಡಿ. ಅದರ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಜೊತೆಗೆ ಹೈಡ್ರೋಜನ್ ಸಯನೈಡ್ ಎಂಬ ವಿಷಾನಿಲವೂ ಇರುತ್ತದೆ. ಹೊಳಪಿಗೆಂದು ರೆಕ್ಸಿನ್‌ಗೆ ಪೆಟ್ರೋಲ್ ಒರೆಸುವ ಅಭ್ಯಾಸವನ್ನೂ ಬಿಡಿ. ರೆಕ್ಸಿನ್ ಮೆತ್ತಗಿಡುವ ಅಂಶವನ್ನು ಪೆಟ್ರೋಲ್ ಎಳೆದು ತೆಗೆಯುತ್ತದೆ, ರಾಯಚೂರಿನ ಬಿಸಿಲು ಉಳಿದದ್ದನ್ನು ಮುಗಿಸುತ್ತದೆ, ಸೀಟು ಬಿರಿಯುತ್ತದೆ. ಸೋಪಿನ ನೀರು, ಒಣ ಬಟ್ಟೆ ಸಾಕು.